ಕೋಲಿನ ತುದಿ ಹಿಡಿಯುವ ಮಾತು

ಇಂದಿನ ಧಮ್ಮ ಚಿಂತನೆ ಸಮ್ಮಾ ವಾಚಾ, ಅಂದರೆ ಸರಿಯಾದ ಮಾತಿನ ಬಗ್ಗೆ. ಬರಹ ಸ್ವಲ್ಪ ಉದ್ದವಾಗಿದೆ. ಟೀ ಕುಡಿಯುತ್ತಾ ನಿಧಾನವಾಗಿ ಓದಿ.

ಅಷ್ಟಾಂಗ ಮಾರ್ಗದಲ್ಲಿ ಮೂರನೆಯದು ಸಮ್ಮಾ ವಾಚಾ. ಅದನ್ನು ನಾವು ಸಾಮಾನ್ಯವಾಗಿ ಏನು ಮಾತಾಡಬಾರದು ಎಂಬ ಪಟ್ಟಿಯಾಗಿ ನೆನಪಿಟ್ಟುಕೊಳ್ಳುತ್ತೇವೆ. ಸುಳ್ಳು ಬೇಡ, ಚಾಡಿ ಬೇಡ, ಒರಟು ಮಾತು ಬೇಡ, ಕಾಡುಹರಟೆ ಬೇಡ. ಇದು ಸರಿಯೇ. ಆದರೆ ಅಂಗುತ್ತರ ನಿಕಾಯದ ಐದರ ನಿಪಾತದಲ್ಲಿ ಬುದ್ಧರು ಒಳ್ಳೆಯ ಮಾತು ಹೇಗಿರಬೇಕು ಎನ್ನುವುದಕ್ಕೂ ಐದು ಅಳತೆ ಕೊಟ್ಟಿದ್ದಾರೆ. ಮಾತು ಹೊತ್ತಿಗೆ ಸರಿಯಾಗಿ ಬರಬೇಕು. ನಿಜವಾಗಿರಬೇಕು. ಮೃದುವಾಗಿರಬೇಕು. ಕೇಳುವವರ ಉಪಯೋಗಕ್ಕೆ ಬರಬೇಕು. ಮೈತ್ರಿ ತುಂಬಿದ ಮನಸ್ಸಿನಿಂದ ಹೊರಡಬೇಕು.

ಈ ಐದು ಅಳತೆಗಳನ್ನು ಇವತ್ತು ಒಂದು ವಿಚಿತ್ರ ಜಾಗದಲ್ಲಿ ಇಟ್ಟು ನೋಡೋಣ. ನಮ್ಮ ಫೋನು ದಾರಿ ಹೇಳುತ್ತದಲ್ಲ, ಆ ಧ್ವನಿಯ ಮೇಲೆ.

ನಮ್ಮಂಥವರಿಗೆ ಆ ಧ್ವನಿ ಒಂದು ಅನುಕೂಲ ಅಷ್ಟೇ. ಅದು ತಪ್ಪಿದರೆ ಬೋರ್ಡು ನೋಡುತ್ತೇವೆ, ತಲೆ ಹೊರಗೆ ಹಾಕಿ ಅಂಗಡಿಯವರನ್ನು ಕೇಳುತ್ತೇವೆ. ಕಣ್ಣು ಕಾಣದವರಿಗೆ ಅದು ಬೇರೆಯದೇ ವಸ್ತು. ನನಗೆ ಗೊತ್ತಿರುವ ಸಮಾಜ ವಿಜ್ಞಾನದ ಮೇಷ್ಟ್ರೊಬ್ಬರಿಗೆ ಹುಟ್ಟಿನಿಂದಲೇ ದೃಷ್ಟಿ ಇಲ್ಲ. ಅವರ ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಇದೆ. ಬೆರಳು ಮುಟ್ಟಿದ್ದನ್ನೆಲ್ಲ ಅದು ಓದಿ ಹೇಳುತ್ತದೆ. ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕಿಕೊಳ್ಳುತ್ತಾರೆ, ಇನ್ನೊಂದು ಕಿವಿಯನ್ನು ರಸ್ತೆಗೆ ಬಿಟ್ಟಿರುತ್ತಾರೆ. ಶಿಡ್ಲಘಟ್ಟ ಬಂತೆಂದು ನಾವು ಹೇಳುವ ಮೊದಲೇ ಅವರಿಗೆ ಗೊತ್ತಾಗುತ್ತದೆ. ರೇಷ್ಮೆ ಗೂಡು ಬೇಯಿಸುವ ವಾಸನೆ ಕಾರಿನ ಕಿಟಕಿಯಿಂದಲೇ ಒಳಗೆ ಬರುತ್ತದೆ.

ಒಮ್ಮೆ ನಾವು ನಾಲ್ವರು ಚಿಂತಾಮಣಿಯಿಂದ ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಮೇಲೆ ಗೌರಿಬಿದನೂರಿಗೆ ಮದುವೆಯೊಂದಕ್ಕೆ ಹೊರಟಿದ್ದೆವು. ಬಾಡಿಗೆ ಕಾರು. ಡ್ರೈವರ್ ಮದನಪಲ್ಲಿ ಕಡೆಯ ಹುಡುಗ, ಈ ದಾರಿ ಅವನಿಗೆ ಹೊಸದು. ಮುಂದಿನ ಸೀಟಿನಲ್ಲಿ ಈ ಮೇಷ್ಟ್ರು ಕೂತಿದ್ದರು, ಫೋನು ಅವರ ಕೈಯಲ್ಲಿತ್ತು. ಒಂದು ಕಡೆ ರಸ್ತೆಗಳು ಕೂಡುವಲ್ಲಿ ಹುಡುಗ ವೇಗ ಇಳಿಸಿ, ಕನ್ನಡಿಯಲ್ಲಿ ಹಿಂದೆ ಕೂತ ನನ್ನನ್ನು ನೋಡುತ್ತಾ, "ಎಟು ಪೋವಾಲ ಸಾರ್?" ಎಂದ. ಮೇಷ್ಟ್ರು ಆಗಲೇ ದಾರಿ ಹೇಳಿದ್ದರು. ಆದರೂ ಅವನಿಗೆ ಕಣ್ಣಿರುವವರಿಂದ ಒಂದು ಮಾತು ಬೇಕಾಗಿತ್ತು.

"ಅವರನ್ನೇ ಕೇಳಪ್ಪ, ದಾರಿ ಅವರ ಹತ್ತಿರ ಇದೆ," ಎಂದೆ.

ಮೇಷ್ಟ್ರು ಬೇಸರ ಮಾಡಿಕೊಳ್ಳಲಿಲ್ಲ. "ಫೋನು ಬಲಕ್ಕೆ ತಿರುಗು ಅಂತಿದೆ. ಮುಂದೆ ಮಧ್ಯದಲ್ಲಿ ದುಂಡಗೆ ಕಟ್ಟೆ ಏನಾದ್ರೂ ಇದೆಯೇನಪ್ಪ?"

"ಇದೆ ಸಾರ್, ಚಿಕ್ಕದು."

"ಹಾಗಾದ್ರೆ ಸೀದಾ ಬಲಕ್ಕೆ ಎಳೀಬೇಡ. ಕಟ್ಟೆ ನಿನ್ನ ಬಲಗಡೆಗೆ ಇರೋ ಹಾಗೆ ಸುತ್ತಿಕೊಂಡು ಹೋಗು. ಎಡಗಡೆ ಎಷ್ಟು ರಸ್ತೆ ಸಿಗ್ತವೆ ಅಂತ ಬಾಯಲ್ಲಿ ಎಣಿಸ್ತಾ ಬಾ."

"ಒಂದು... ಎರಡು... ಮೂರು."

"ಅದೇ. ಅಲ್ಲಿ ಬಿಡು."

ನೋಡಿ, ಅಲ್ಲಿ ದಾರಿ ಗೊತ್ತಿದ್ದವರು ಯಾರು? ಉಪಗ್ರಹಕ್ಕೆ ಜಾಗ ಗೊತ್ತಿತ್ತು, ಕಟ್ಟೆ ಗೊತ್ತಿರಲಿಲ್ಲ. ಹುಡುಗನಿಗೆ ಕಟ್ಟೆ ಕಾಣುತ್ತಿತ್ತು, ದಾರಿ ಗೊತ್ತಿರಲಿಲ್ಲ. ಮೇಷ್ಟ್ರಿಗೆ ಇವೆರಡನ್ನೂ ಕೂಡಿಸುವ ಪ್ರಶ್ನೆ ಗೊತ್ತಿತ್ತು. ಉದಾನದಲ್ಲಿ ಬರುವ ಆನೆ ಮತ್ತು ಹುಟ್ಟುಕುರುಡರ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಕಾಣದವರು ತಪ್ಪು ಹೇಳಿದರು ಎಂದು ನಗಲು ಆ ಕಥೆಯನ್ನು ಬಳಸುವವರಿದ್ದಾರೆ. ಬುದ್ಧರು ಅದನ್ನು ಹೇಳಿದ್ದು, ತಮ್ಮ ಮತವೇ ಸತ್ಯ ಎಂದು ಬಡಿದಾಡುತ್ತಿದ್ದ ಪಂಥದವರನ್ನು ಕುರಿತು. ಕಥೆಯಲ್ಲಿ ಕಾಲು ಮುಟ್ಟಿದವನು ಕಾಲಿನ ಬಗ್ಗೆ ಪ್ರಾಮಾಣಿಕವಾಗಿಯೇ ಹೇಳಿದ, ಕಿವಿ ಮುಟ್ಟಿದವನೂ ಹಾಗೆಯೇ. ಕೆಟ್ಟದ್ದು ಮುಂದಿನ ಹೆಜ್ಜೆ. ಒಬ್ಬರನ್ನೊಬ್ಬರು ಕೇಳದೆ ಗುದ್ದಾಟಕ್ಕೆ ಇಳಿದರು. ಆ ಕಾರಿನಲ್ಲಿ ಮೂವರೂ ತಾವು ಮುಟ್ಟಿದ್ದನ್ನು ಒಂದು ಕಡೆ ಇಟ್ಟರು. ಹಾಗಾಗಿ ಆನೆ ಪೂರ್ತಿಯಾಯಿತು.

ಈಗ ಐದು ಅಳತೆಗಳಿಗೆ ಬರೋಣ.

ಮೊದಲನೆಯದು ಹೊತ್ತು. ದಾರಿ ಹೇಳುವ ಮಾತಿಗೆ ಹೊತ್ತೇ ಜೀವ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 10 ಮೀಟರ್ ಮುಂದೆ ಹೋಗುತ್ತದೆ. ಮುಂದಿನ ವೃತ್ತದಲ್ಲಿ ಮೂರನೆಯ ದಾರಿ ಹಿಡಿಯಿರಿ ಎಂದು ಹೇಳಿ ಮುಗಿಸಲು 3 ಸೆಕೆಂಡ್ ಬೇಕು. ಅಷ್ಟರಲ್ಲಿ 30 ಮೀಟರ್ ಕಳೆದುಹೋಯಿತು. ನಮ್ಮ ಊರುಗಳ ಸಣ್ಣ ಸರ್ಕಲ್ ಅಲ್ಲಿಗೆ ಮುಗಿದೇ ಹೋಗಿರುತ್ತದೆ. ಕಣ್ಣಿರುವವರು ತೆರೆಯ ಮೇಲಿನ ಚಿತ್ರ ನೋಡಿ ಸರಿಮಾಡಿಕೊಳ್ಳುತ್ತಾರೆ. ಬರೀ ಕಿವಿಯನ್ನು ನಂಬಿದವರಿಗೆ ತಡವಾಗಿ ಬಂದ ನಿಜವೂ ಸುಳ್ಳಿನಷ್ಟೇ ಕೆಲಸ ಕೆಡಿಸುತ್ತದೆ. ಆದ್ದರಿಂದ ಮೇಷ್ಟ್ರು ಹೊರಡುವ ಮುಂಚೆಯೇ ದಾರಿಯ ಹೆಜ್ಜೆಗಳನ್ನೆಲ್ಲ ಒಂದೊಂದಾಗಿ ಓದಿಸಿಕೊಂಡು ನೆನಪಿನಲ್ಲಿ ಇಟ್ಟುಕೊಳ್ಳುತ್ತಾರೆ. ಫೋನು ಬಾಯಿ ಬಿಡುವ ಹೊತ್ತಿಗೆ ಅವರ ಬಾಯಿಂದ ಆಗಲೇ ಮಾತು ಬಂದಿರುತ್ತದೆ.

ಈ ಯಂತ್ರದ ಒಳಗೂ ಹೊತ್ತಿನದೇ ಲೆಕ್ಕ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಒಂದೊಂದೂ ತಾನು ಇರುವ ಜಾಗವನ್ನೂ ತನ್ನ ಗಡಿಯಾರದ ಹೊತ್ತನ್ನೂ ಹೇಳುತ್ತಿರುತ್ತದೆ. ಆ ಸಂಕೇತ ಬಂದು ಮುಟ್ಟಲು ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ಫೋನು ದೂರವನ್ನು ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ಮಾತು ಕೂಡಿದರೆ ನಾವಿರುವ ಜಾಗ ಸಿಗುತ್ತದೆ. ಗಡಿಯಾರ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ನೆಲದ ಮೇಲೆ ಸುಮಾರು 300 ಮೀಟರ್ ವ್ಯತ್ಯಾಸ. ಹೊತ್ತಿಗೆ ಸರಿಯಾದ ಮಾತು ಎಂದು ಬುದ್ಧರು ಹೇಳಿದ್ದನ್ನು ಆಕಾಶದಲ್ಲಿ ಈ ಯಂತ್ರಗಳು ಪಾಲಿಸುತ್ತಿವೆ ಎನ್ನಬಹುದು.

ಎರಡನೆಯದು ನಿಜ. 2000ರ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ಸಾಮಾನ್ಯ ಜನರಿಗೆ ಸಿಗುವ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿತ್ತು. ವೈರಿಗಳಿಗೆ ಉಪಯೋಗವಾಗಬಾರದು ಎಂಬುದು ಕಾರಣ. ಅದರಿಂದ ಜಾಗ ಸುಮಾರು 100 ಮೀಟರ್‌ವರೆಗೂ ಆಚೀಚೆ ಆಗುತ್ತಿತ್ತು. ಆ ತಪ್ಪು ಬೆರೆಸುವುದನ್ನು ನಿಲ್ಲಿಸಿದ ಮೇಲೆ, ಬಯಲಿನಲ್ಲಿ ಕೆಲವೇ ಮೀಟರ್‌ಗಳ ಅಂತರದಲ್ಲಿ ಜಾಗ ಸಿಗತೊಡಗಿತು. ಕಾಣದವರು ನಂಬಬಹುದಾದ ದಾರಿ ಹೇಳುವ ಸಾಧನಗಳಿಗೆ ಅದು ದೊಡ್ಡ ಬಲವಾಯಿತು. ಇಂದು ನಮ್ಮ ಇಸ್ರೋದ ನಾವಿಕ್ ವ್ಯವಸ್ಥೆಯೂ ಇದೆ. ಅದರ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ.

ಆದರೆ ಆಕಾಶ ನಿಜ ಹೇಳಿದರೆ ಸಾಲದು, ನಕ್ಷೆಯೂ ನಿಜ ಹೇಳಬೇಕು. ವೃತ್ತವಿರುವ ಕಡೆ ನಕ್ಷೆಯಲ್ಲಿ ಬರೀ ನಾಲ್ಕು ರಸ್ತೆ ಕೂಡಿದಂತೆ ಗುರುತಾಗಿದ್ದರೆ ಫೋನು ಬಲಕ್ಕೆ ತಿರುಗು ಎನ್ನುತ್ತದೆ. ಹೇಳಿದ ಹಾಗೆ ಕೇಳಿದ ಡ್ರೈವರ್, ಎದುರಿನಿಂದ ಸುತ್ತಿ ಬರುವ ಲಾರಿಗೆ ನೇರವಾಗಿ ಮುಖ ಕೊಡುತ್ತಾನೆ. ನಮ್ಮ ದೇಶದಲ್ಲಿ ವಾಹನಗಳು ವೃತ್ತವನ್ನು ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತವೆ. ನಾಲ್ಕು ರಸ್ತೆಯ ವೃತ್ತದಲ್ಲಿ ಮೊದಲನೆಯ ದಾರಿ ಎಡಕ್ಕೆ, ಎರಡನೆಯದು ನೇರಕ್ಕೆ, ಮೂರನೆಯದು ಬಲಕ್ಕೆ, ನಾಲ್ಕನೆಯದು ಬಂದ ದಾರಿಗೇ. ಎಣಿಕೆ ಒಂದು ತಪ್ಪಿದರೆ ಊರೇ ಬದಲಾಗುತ್ತದೆ. ಇನ್ನೊಂದು ತೊಡಕು ನಮ್ಮ ನಾಲಿಗೆಯದು. ನಡುವೆ ಏನೂ ಇಲ್ಲದ ಕೂಡುರಸ್ತೆಯನ್ನೂ ನಾವು ಸರ್ಕಲ್ ಎನ್ನುತ್ತೇವೆ. ಚಿಕ್ಕಬಳ್ಳಾಪುರದಲ್ಲಿ ಶಿಡ್ಲಘಟ್ಟ ವೃತ್ತ, ಚಿಂತಾಮಣಿಯಲ್ಲಿ ಚೇಳೂರು ವೃತ್ತ. ಹೆಸರು ತಾನಿರುವ ಜಾಗವನ್ನು ಹೇಳುವುದಿಲ್ಲ, ಹೋಗುವ ಊರಿನ ಕಡೆಗೆ ಬೆರಳು ಮಾಡುತ್ತದೆ. ಬೆರಳನ್ನೇ ಊರು ಎಂದುಕೊಳ್ಳಬಾರದು ಎನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ.

ಮೂರನೆಯದು ಮೃದುತ್ವ. ತಿರುವು ತಪ್ಪಿದರೆ ಫೋನು ಬೈಯುವುದಿಲ್ಲ. ಎಷ್ಟು ಸಲ ಹೇಳಲಿ ಎನ್ನುವುದಿಲ್ಲ. ನೀನು ಈಗ ಎಲ್ಲಿದ್ದೀಯೋ ಅಲ್ಲಿಂದ ಹೊಸ ದಾರಿ ಇದು ಎನ್ನುತ್ತದೆ. ದಾರಿ ತಪ್ಪಿದ ಮಗುವಿಗೆ ನಮ್ಮ ಮನೆಗಳಲ್ಲಿ, ತರಗತಿಗಳಲ್ಲಿ ಸಿಗುವ ಮೊದಲ ಮಾತು ಯಾವುದು ಎಂದು ಯೋಚಿಸಿ ನೋಡಿ.

ಆದರೆ ಮೃದು ಎಂದರೆ ಮೆಲ್ಲಗೆ ಗೊಣಗುವುದಲ್ಲ. ಮಜ್ಝಿಮ ನಿಕಾಯದ ಅಭಯರಾಜಕುಮಾರ ಸುತ್ತದಲ್ಲಿ ರಾಜಕುಮಾರನ ತೊಡೆಯ ಮೇಲೆ ಕೂಸು ಇರುತ್ತದೆ. ಅದು ಬಾಯಿಗೆ ಕಲ್ಲು ಹಾಕಿಕೊಂಡರೆ ಏನು ಮಾಡುತ್ತೀಯ ಎಂದು ಬುದ್ಧರು ಕೇಳುತ್ತಾರೆ. ರಕ್ತ ಬಂದರೂ ಸರಿ, ಬೆರಳು ಹಾಕಿ ತೆಗೆಯುತ್ತೇನೆ ಎನ್ನುತ್ತಾನೆ ಅವನು. ಕೇಳಲು ಹಿತವಲ್ಲದ ಮಾತನ್ನೂ ತಥಾಗತರು ಕರುಣೆಯಿಂದಲೇ, ಹೊತ್ತು ನೋಡಿ ಆಡುತ್ತಾರೆ. ಕಾಣದವರೊಬ್ಬರು ಮುಚ್ಚಳವಿಲ್ಲದ ಚರಂಡಿಯ ಕಡೆ ಹೆಜ್ಜೆ ಇಡುತ್ತಿದ್ದರೆ "ನಿಲ್ಲಿ!" ಎಂದು ಕೂಗುವುದೇ ಮೃದು ಮಾತು. ಅಯ್ಯೋ ಪಾಪ ಎಂದು ಹಿಂದೆ ನಿಂತು ನಿಟ್ಟುಸಿರು ಬಿಡುವುದಲ್ಲ.

ನಾಲ್ಕನೆಯದು ಉಪಯೋಗ. ಕಣ್ಣು ಕಾಣದವರೊಬ್ಬರು ಬಸ್ ನಿಲ್ದಾಣ ಎಲ್ಲಿ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಕೈ ತೋರಿಸಿ, "ಅಗೋ ಅಲ್ಲೇ, ಆ ಹಳದಿ ಬೋರ್ಡು ಕಾಣ್ತದಲ್ಲ, ಅದರ ಪಕ್ಕ" ಎನ್ನುತ್ತಾರೆ. ಹೊತ್ತಿಗೆ ಬಂದ ಮಾತು, ನಿಜವಾದ ಮಾತು, ಮೃದುವಾದ ಮಾತು. ಪ್ರಯೋಜನ ಮಾತ್ರ ಸೊನ್ನೆ. "ನಿಮ್ಮ ಎಡಗೈ ಕಡೆಗೆ ತಿರುಗಿ ಇಪ್ಪತ್ತು ಹೆಜ್ಜೆ, ಆಮೇಲೆ ಒಂದು ಮೆಟ್ಟಿಲು ಏರಬೇಕು" ಎನ್ನುವುದು ಉಪಯೋಗದ ಮಾತು. ಅದನ್ನು ಹೇಳಲು ನಮ್ಮ ಕಣ್ಣಿನಿಂದ ಒಂದು ಕ್ಷಣ ಹೊರಬಂದು ಅವರ ಪಾದದಲ್ಲಿ ನಿಲ್ಲಬೇಕು. ಕನ್ನಡದಲ್ಲಿ ಅಲ್ಲಿ, ಇಲ್ಲಿ, ಆಚೆ, ಈಚೆ ಎಂಬ ಪದಗಳು ಧಾರಾಳವಾಗಿವೆ. ಅವೆಲ್ಲ ಆಡುವವನ ಬೆರಳನ್ನು ನಂಬಿದ ಪದಗಳು. ಬೆರಳು ಕಾಣದವರ ಮುಂದೆ ಅವು ಖಾಲಿ. 2019ರ ಅಕ್ಟೋಬರ್‌ನಲ್ಲಿ ವಿಶ್ವ ದೃಷ್ಟಿ ದಿನದಂದು ಗೂಗಲ್ ಮ್ಯಾಪ್ಸ್ ನಡೆದು ಹೋಗುವವರಿಗಾಗಿ ವಿವರವಾದ ಧ್ವನಿ ಮಾರ್ಗದರ್ಶನ ತಂದಿತು. ಮುಂದಿನ ತಿರುವು ಎಷ್ಟು ದೂರ, ಯಾವ ದಿಕ್ಕಿಗೆ ನಡೆಯುತ್ತಿದ್ದೀರಿ, ದೊಡ್ಡ ರಸ್ತೆ ದಾಟುವಾಗ ಎಚ್ಚರ, ಇಂಥ ಮಾತುಗಳು ಅದರಲ್ಲಿವೆ. ಮೊದಲಿಗೆ ಅದು ಬಂದದ್ದು ಇಂಗ್ಲಿಷ್ ಮತ್ತು ಜಪಾನಿ ಭಾಷೆಗಳಲ್ಲಿ.

ಐದನೆಯದು ಮೈತ್ರಿ. ಯಂತ್ರ ನಾಲ್ಕು ಅಳತೆಗಳವರೆಗೆ ಹೇಗೋ ನಮ್ಮ ಜೊತೆ ಬಂತು. ಐದನೆಯದಕ್ಕೆ ಅದರ ಹತ್ತಿರ ಉತ್ತರವಿಲ್ಲ. ಮೈತ್ರಿ ಇರಬೇಕಾದದ್ದು ಅದನ್ನು ಮಾಡಿದವರಲ್ಲಿ ಮತ್ತು ಅದರ ಪಕ್ಕದಲ್ಲಿ ಕೂತವರಲ್ಲಿ. ಮಾಡಿದವರ ವಿಷಯ ನೋಡಿ. ಪುಣೆಯಲ್ಲಿ ಹುಟ್ಟಿ, 14ನೇ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡ ಟಿ.ವಿ. ರಾಮನ್ ಗೂಗಲ್‌ನಲ್ಲಿ ಇದ್ದುಕೊಂಡು, ಕಣ್ಣಿನ ಸಹಾಯವಿಲ್ಲದೆ ಫೋನ್ ಬಳಸುವ ಬಗೆಯನ್ನು ರೂಪಿಸಿದವರಲ್ಲಿ ಮುಖ್ಯರು. ಕಂಪ್ಯೂಟರಿನಲ್ಲಿ ಬಳಸುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರನ್ನು 2006ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯಾದ ಮೈಕಲ್ ಕರನ್, ಅವರ ಜೊತೆಗೂಡಿದವರು ಜೇಮ್ಸ್ ಟೆ. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಅದನ್ನು ಅವರು ಉಚಿತವಾಗಿಯೇ ಕೊಟ್ಟರು. ಇದು ದಾನ ಪಾರಮಿಯಲ್ಲದೆ ಇನ್ನೇನು? ಕಾಣದವರು ಯಾವಾಗಲೂ ತೆಗೆದುಕೊಳ್ಳುವವರು, ನಾವು ಯಾವಾಗಲೂ ಕೊಡುವವರು ಎಂಬ ನಂಬಿಕೆ ಇದ್ದರೆ ಅದನ್ನು ಇವತ್ತೇ ಬಿಟ್ಟುಬಿಡೋಣ.

ಪಕ್ಕದಲ್ಲಿ ಕೂತವರ ವಿಷಯಕ್ಕೆ ಧಮ್ಮಪದದ ಅಟ್ಠಕಥೆಯಲ್ಲಿ ಬರುವ ಮೊದಲ ಕಥೆಯನ್ನೇ ನೆನೆಯಬೇಕು. ಚಕ್ಖುಪಾಲ ಥೇರರದು ಅದು. ಹೆಸರಿನಲ್ಲೇ ಕಣ್ಣಿದೆ, ಆದರೆ ಅವರು ಕಣ್ಣು ಕಳೆದುಕೊಂಡವರು. ವರ್ಷಾವಾಸದ ಮೂರು ತಿಂಗಳು ಮಲಗುವುದಿಲ್ಲ ಎಂದು ಸಂಕಲ್ಪ ಮಾಡಿದ್ದರು. ಕಣ್ಣಿಗೆ ರೋಗ ಬಂತು, ಮಲಗಿಕೊಂಡು ಔಷಧಿ ಹಾಕಿಸಿಕೊಳ್ಳಬೇಕು ಎಂದರು ವೈದ್ಯರು, ಇವರು ಮಲಗಲಿಲ್ಲ. ಕಣ್ಣು ಹೋದ ಗಳಿಗೆಯಲ್ಲೇ ಅರ್ಹಂತರಾದರು. ಮುಂದೆ ಅವರನ್ನು ಸಾವತ್ಥಿಗೆ ಕರೆದುಕೊಂಡು ಬರಲು ಅವರ ಸೋದರಳಿಯ ಸಾಮಣೇರನಾಗಿ ಬಂದ. ಥೇರರ ಕೋಲಿನ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ತುದಿ ಅವರ ಕೈಯಲ್ಲಿ. ಕಾಡಿನ ನಡುವೆ ಒಬ್ಬ ಹೆಣ್ಣುಮಗಳ ಹಾಡು ಕೇಳಿತು. ಸ್ವಲ್ಪ ಇಲ್ಲೇ ಇರಿ ಎಂದು ಹೇಳಿ ಅವನು ಕೋಲು ಬಿಟ್ಟು ಹೋದ, ಶೀಲ ಮುರಿದು ತಿರುಗಿ ಬಂದ. ವಿಷಯ ತಿಳಿದ ಥೇರರು, ಇನ್ನು ನನ್ನ ಕೋಲಿನ ತುದಿ ನೀನು ಹಿಡಿಯುವುದು ಬೇಡ ಎಂದುಬಿಟ್ಟರು. ನಡುಕಾಡು, ಕಣ್ಣಿಲ್ಲ, ಜೊತೆಗೆ ಬೇರೆ ಯಾರೂ ಇಲ್ಲ. ಆದರೂ ಅವರ ಮಾತು ಬದಲಾಗಲಿಲ್ಲ. ಕೊನೆಗೆ ದಾರಿಹೋಕನ ವೇಷದಲ್ಲಿ ಸಕ್ಕ ಬಂದು ಕೋಲು ಹಿಡಿದ ಎನ್ನುತ್ತದೆ ಕಥೆ.

ಸಕ್ಕ ಬಂದನೋ ಇಲ್ಲವೋ ಎಂಬ ಚರ್ಚೆ ಬೇಡ. ನಮಗೆ ಮುಖ್ಯವಾದದ್ದು ಥೇರರು ಇಲ್ಲ ಎಂದ ಮಾತು. ಕಾಣದವರಿಗೆ ಯಾರ ಕೈಯಾದರೂ ಸಾಕು, ಸಿಕ್ಕಿದ್ದೇ ಪುಣ್ಯ ಎಂದು ಲೋಕ ತಿಳಿಯುತ್ತದೆ. ಕೇಳದೆಯೇ ರಟ್ಟೆ ಹಿಡಿದು ರಸ್ತೆ ದಾಟಿಸುತ್ತದೆ. ಅವರ ಬಗ್ಗೆ ಅವರನ್ನು ಬಿಟ್ಟು ಪಕ್ಕದವರನ್ನು ಕೇಳುತ್ತದೆ. ತನ್ನ ಕೋಲನ್ನು ಯಾರು ಹಿಡಿಯಬೇಕೆಂದು ತೀರ್ಮಾನಿಸುವ ಹಕ್ಕು ಕೋಲಿನ ಒಡೆಯರದು ಎಂದು ಆ ಕಥೆ ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇಕಡಾ 4ರಷ್ಟು ಮೀಸಲಾತಿ ಕೊಟ್ಟು, ಅದರಲ್ಲಿ ಶೇಕಡಾ 1ನ್ನು ಅಂಧರು ಮತ್ತು ಮಂದದೃಷ್ಟಿಯವರಿಗೆ ಇಟ್ಟಿದೆ. ಕಾಯ್ದೆ ಕುರ್ಚಿ ಕೊಡಬಲ್ಲದು. ಕುರ್ಚಿಯಲ್ಲಿ ಕೂತವರ ಮಾತನ್ನು ಕೇಳಬೇಕಾದವರು ನಾವು. ಒಬ್ಬರು ಹೊತ್ತಿಗೆ ಸರಿಯಾಗಿ, ನಿಜವಾಗಿ, ಮೃದುವಾಗಿ, ಉಪಯೋಗಕ್ಕೆ ಬರುವಂತೆ ದಾರಿ ಹೇಳಿದ ಮೇಲೂ ಕನ್ನಡಿಯಲ್ಲಿ ಇನ್ನೊಬ್ಬರ ಮುಖ ಹುಡುಕುವುದಿದೆಯಲ್ಲ, ಅದು ಕಣ್ಣಿನ ದೋಷವಲ್ಲ, ಸಮ್ಮಾ ದಿಟ್ಠಿಯ ಕೊರತೆ. ಮೈತ್ರಿ ಆಡುವವರಲ್ಲಿ ಇದ್ದರೆ ಸಾಲದು, ಕೇಳುವವರಲ್ಲೂ ಇರಬೇಕು.

ಕೊನೆಯದಾಗಿ ಒಂದು ಮಾತು. ಗಣಕ ಮೊಗ್ಗಲ್ಲಾನ ಎಂಬ ಬ್ರಾಹ್ಮಣ ಬುದ್ಧರನ್ನು ಕೇಳುತ್ತಾನೆ. ನಿಬ್ಬಾಣ ಇದೆ, ಅದರ ದಾರಿ ಇದೆ, ದಾರಿ ಹೇಳುವ ನೀವೂ ಇದ್ದೀರಿ. ಹಾಗಿದ್ದರೂ ಕೆಲವರು ಮುಟ್ಟುತ್ತಾರೆ, ಕೆಲವರು ಮುಟ್ಟುವುದಿಲ್ಲ, ಯಾಕೆ? ಬುದ್ಧರು ತಿರುಗಿ ಕೇಳುತ್ತಾರೆ. ರಾಜಗೃಹದ ದಾರಿ ನಿನಗೆ ಚೆನ್ನಾಗಿ ಗೊತ್ತು. ಇಬ್ಬರು ಬಂದು ಕೇಳಿದರೆ ಇಬ್ಬರಿಗೂ ಒಂದೇ ರೀತಿ ಹೇಳುತ್ತೀಯ. ಒಬ್ಬ ತಪ್ಪು ದಾರಿ ಹಿಡಿಯುತ್ತಾನೆ, ಒಬ್ಬ ಸುಖವಾಗಿ ಸೇರುತ್ತಾನೆ. ಯಾಕೆ? ಬ್ರಾಹ್ಮಣ ಹೇಳುತ್ತಾನೆ, ನಾನೇನು ಮಾಡಲಿ, ನಾನು ದಾರಿ ಹೇಳುವವನಷ್ಟೇ. ತಾನೂ ಅಷ್ಟೇ ಎನ್ನುತ್ತಾರೆ ಬುದ್ಧರು. 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಅವರ ಧಮ್ಮ' ಗ್ರಂಥದಲ್ಲಿ ಬಾಬಾಸಾಹೇಬರು ಈ ಪ್ರಸಂಗಕ್ಕೆ ದೊಡ್ಡ ಸ್ಥಾನ ಕೊಟ್ಟಿದ್ದಾರೆ. ಬುದ್ಧರು ಮಾರ್ಗದಾತರು, ಮೋಕ್ಷದಾತರಲ್ಲ ಎಂಬುದು ಅವರ ವಿವರಣೆ. ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರಿಗೂ ಮೇಷ್ಟ್ರೊಬ್ಬರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿನ ದಾರಿ ತೋರಿಸಿದರು. ಬಸ್ಸಿಗೆ ಕಾಸಿರಲಿಲ್ಲ, ಹುಡುಗ ನಡೆದೇ ಹೋದ. ಆತ್ಮಕಥೆಗೆ ಅವರು ಇಟ್ಟ ಹೆಸರು 'ಹೋರಾಟದ ಹಾದಿ'. ದಾರಿ ಹೇಳುವುದು ಒಬ್ಬರ ಕೆಲಸ, ನಡೆಯುವುದು ಇನ್ನೊಬ್ಬರ ಕೆಲಸ. ಕಾಣದವರ ಪರವಾಗಿ ನಾವು ನಡೆಯಬೇಕಾಗಿಲ್ಲ. ಅವರು ನಡೆಯುವ ದಾರಿಗೆ ಅಡ್ಡ ಬರದಿದ್ದರೆ, ಕೇಳಿದಾಗ ಸರಿಯಾಗಿ ಹೇಳಿದರೆ, ಹೇಳಿದಾಗ ಸರಿಯಾಗಿ ಕೇಳಿದರೆ ಸಾಕು.

ಇಂದಿನ ಅಭ್ಯಾಸಕ್ಕೆ ಮೂರು ಸಣ್ಣ ಕೆಲಸಗಳು.

ಒಂದು, ನಿಮ್ಮ ಮನೆಯಿಂದ ಹತ್ತಿರದ ಬಸ್ ನಿಲ್ದಾಣದ ದಾರಿಯನ್ನು ಅಲ್ಲಿ, ಇಲ್ಲಿ, ಆ ಕಡೆ ಎಂಬ ಪದಗಳಿಲ್ಲದೆ ಜೋರಾಗಿ ಹೇಳಿ ನೋಡಿ. ಮಕ್ಕಳಿದ್ದರೆ ಅವರಿಂದಲೂ ಹೇಳಿಸಿ.

ಎರಡು, ಫುಟ್‌ಪಾತ್ ಮೇಲೆ ನಿಲ್ಲಿಸಿದ ನಿಮ್ಮ ಬೈಕನ್ನು ಅಲ್ಲಿಂದ ತೆಗೆಯಿರಿ. ಯಾವ ಉಪಗ್ರಹಕ್ಕೂ ಅದು ಕಾಣುವುದಿಲ್ಲ. ನಿಮ್ಮ ಊರಿನ ವೃತ್ತ ನಕ್ಷೆಯಲ್ಲಿ ತಪ್ಪಾಗಿದ್ದರೆ, ತಿದ್ದುಪಡಿ ಕಳಿಸುವ ಅವಕಾಶ ಫೋನಿನಲ್ಲೇ ಇದೆ, ಕಳಿಸಿ.

ಮೂರು, ಕಾಣದವರು ಯಾರಾದರೂ ಎದುರಾದರೆ ಕೈ ಹಿಡಿಯುವ ಮೊದಲು, "ಜೊತೆಗೆ ಬರಲಾ?" ಎಂದು ಕೇಳಿ. ಬೇಡ ಎಂದರೆ ಸಂತೋಷ. ಬೇಕು ಎಂದರೆ ನಿಮ್ಮ ಮೊಣಕೈ ಕೊಡಿ, ಅವರು ಹಿಡಿದುಕೊಳ್ಳಲಿ. ತುದಿ ಯಾವುದು ಯಾರ ಕೈಯಲ್ಲಿರಬೇಕು ಎಂಬುದನ್ನು ಅವರೇ ಹೇಳಲಿ.

ಎಲ್ಲರ ದಾರಿಯೂ ಕ್ಷೇಮವಾಗಿರಲಿ. ಎಲ್ಲರಿಗೂ ಮಂಗಳವಾಗಲಿ.

ನಮೋ ಬುದ್ಧಾಯ.